ಪರಿಣಾಮ: ಇನ್ನೂ ಕಂಡಿಲ್ಲ

ಈ ಕೈ ಮೂರು ಊರುಗಳ ಕುಡಿಯುವ ನೀರಿಗೆ ಸಹಿ ಹಾಕಿದ ಕೈ. ನಾನು ಸಹಿ ಹಾಕುವವರೆಗೆ ನಮ್ಮ ಕಡೆ ಯಾರೂ ನಲ್ಲಿ ತಿರುಗಿಸಿ ಧೈರ್ಯವಾಗಿ ಒಂದು ಲೋಟ ನೀರು ಕುಡಿಯುವಂತಿಲ್ಲ. ಕುಡಿಯುತ್ತಾರೆ, ಅದು ಬೇರೆ ಮಾತು. ಆದರೆ ಧೈರ್ಯವಾಗಿ ಅಲ್ಲ. ಇಂಥ ಕೈಗೆ ಸೌಟು ಹಿಡಿಯಲು ಬರುವುದಿಲ್ಲ ಎಂದು ನನ್ನ ಅತ್ತೆ ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ. ವಿಜ್ಞಾನ ಓದಿದವನಿಗೆ ಸಿಟ್ಟು ಬರುವುದಿಲ್ಲ; ಪುರಾವೆ ಒದಗಿಸಬೇಕು ಅನ್ನಿಸುತ್ತದೆ.

ಆದದ್ದು ಇಷ್ಟು. ನನ್ನ ಹೆಂಡತಿ ಕಿಟಕಿಯ ಪರದೆ ಬದಲಿಸಲು ಸ್ಟೂಲ್ ಹತ್ತಿದಳು, ಪರದೆಯ ಸಮೇತ ಇಳಿದಳು. ಬಲಗೈ ಮಣಿಕಟ್ಟಿಗೆ ಆರು ವಾರದ ಪ್ಲಾಸ್ಟರ್ ಬಿತ್ತು. ಸುದ್ದಿ ಮುಟ್ಟಿದ ಅರ್ಧ ಗಂಟೆಯೊಳಗೆ ಅತ್ತೆಯ ಫೋನು ಬಂತು. ಅವರು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವರು. ಅವರು ಮಾತಾಡುವಾಗ ಫೋನನ್ನು ಕಿವಿಗೆ ಇಟ್ಟುಕೊಳ್ಳುವ ಅಗತ್ಯವಿಲ್ಲ, ಅದೇ ಕೋಣೆಯಲ್ಲಿದ್ದರೆ ಸಾಕು.

"ಕಾರು ಕಳಿಸ್ತೀನಿ, ಇಲ್ಲಿಗೆ ಬಂದುಬಿಡಲಿ. ಆರು ವಾರ ಅಲ್ಲಿ ಉಪವಾಸ ಬೀಳೋದು ಬೇಡ."

"ಉಪವಾಸ ಯಾಕೆ ಅತ್ತೆ? ನಾನಿದ್ದೀನಲ್ಲ."

"ನೀವಿದ್ದೀರಿ ಅಂತಲೇ ಹೇಳಿದ್ದು, ಅಳಿಯಂದಿರೇ."

ಹೆಂಡತಿ ಎಡಗೈಯಲ್ಲಿ ಫೋನು ಕಿತ್ತುಕೊಂಡಳು. "ಅಮ್ಮ, ಒಂದು ವಾರ ನೋಡೋಣ. ಭಾನುವಾರದ ಹೊತ್ತಿಗೆ ಸರಿಹೋಗಲಿಲ್ಲ ಅಂದ್ರೆ ನೀನು ಹೇಳಿದ ಹಾಗೇ ಬರ್ತೀನಿ." ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿದಳು. "ನನಗೆ ಹೋಗೋಕೆ ಇಷ್ಟ ಇಲ್ಲ ರೀ. ಅಲ್ಲಿ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಹಾಸಿಗೆ ಮಡಚಿದ್ದು ಸರಿ ಇದೆಯಾ ಅಂತ ನೋಡ್ತಾರೆ. ಹೇಗಾದ್ರೂ ಮಾಡಿ ಈ ವಾರ ದಾಟಿಸಿ."

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಇಲ್ಲದ ಮನೆಯಲ್ಲಿ ನಾನು ಒಟ್ಟು ಒಂಬತ್ತು ದಿನ ಇದ್ದೇನೆ. ಆ ಒಂಬತ್ತು ದಿನ ಗೋಡೆ ಗಡಿಯಾರದ ಸದ್ದು ಎಷ್ಟು ಜೋರು ಎಂಬುದನ್ನು ಕಂಡುಕೊಂಡಿದ್ದೇನೆ. ಆರು ವಾರವೆಂದರೆ ನಲವತ್ತೆರಡು ದಿನ. ಹೀಗಾಗಿ ಸೋಮವಾರ ಬೆಳಿಗ್ಗೆ ನಾನು ಅಡುಗೆಮನೆಯ ಅಧಿಕಾರ ವಹಿಸಿಕೊಂಡೆ.

ಅಡುಗೆ ಕಷ್ಟ ಎನ್ನುವವರು ಅಳತೆ ಮಾಡದವರು. ಅಂಚೆ ತೂಕದ ಪುಟ್ಟ ತಕ್ಕಡಿ, ಥರ್ಮಾಮೀಟರು, ಟೈಮರು, ಒಂದು ನೋಟ್‌ಬುಕ್ಕು: ಇಷ್ಟಿದ್ದರೆ ಯಾರು ಬೇಕಾದರೂ ಒಳ್ಳೆಯ ತರಕಾರಿ ಸೂಪು ಮಾಡಬಹುದು. ಈರುಳ್ಳಿ ಹೆಚ್ಚಿ ಎಣ್ಣೆಗೆ ಹಾಕಿದ ತಕ್ಷಣ ಒಂದು ಚಿಟಿಕೆ ಉಪ್ಪು ಹಾಕಬೇಕು. ಅದು ನೀರು ಬಿಟ್ಟುಕೊಳ್ಳುತ್ತದೆ, ಸೀಯುವುದಿಲ್ಲ. ಆಮೇಲೆ ಸಣ್ಣ ಉರಿಯಲ್ಲಿ ಹದಿನೆಂಟು ನಿಮಿಷ. ಹದಿನೈದಕ್ಕೆ ಇಳಿಸುವವರು ಈರುಳ್ಳಿಗೂ ತಮಗೂ ಮೋಸ ಮಾಡಿಕೊಳ್ಳುತ್ತಾರೆ. ಆಲೂಗಡ್ಡೆ ಬೇಯಿಸಿದ ನೀರನ್ನು ಚೆಲ್ಲಬಾರದು, ಸೂಪಿನ ಜೀವ ಇರುವುದೇ ಅದರಲ್ಲಿ. ಒಂದು ಆಲೂಗಡ್ಡೆಯನ್ನು ಕಿವುಚಿ ಹಾಕಿದರೆ ಹಿಟ್ಟಿನ ಹಂಗಿಲ್ಲದೆ ಗಟ್ಟಿಯಾಗುತ್ತದೆ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ಮೊದಲೇ ಹಿಂಡಿದರೆ ಪರಿಮಳವೆಲ್ಲ ಚಾವಣಿಗೆ ಹೋಗಿ ಸೇರುತ್ತದೆ, ಪಾತ್ರೆಯಲ್ಲಿ ಹುಳಿ ಮಾತ್ರ ಉಳಿಯುತ್ತದೆ. ಇದೆಲ್ಲ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ.

ನಮ್ಮ ಪರೀಕ್ಷಾಲಯಕ್ಕೆ ನೀರಷ್ಟೇ ಅಲ್ಲ, ಹೋಟೆಲುಗಳ ಆಹಾರವೂ ಬರುತ್ತದೆ. ಅಲ್ಲಿ ಒಂದು ನಿಯಮವುಂಟು. ಬಂದ ಪದಾರ್ಥ ಯಾವುದೇ ಆಗಲಿ, ಅದರಿಂದ ಮೂರು ಬಾಟಲಿ ತೆಗೆದಿಡಬೇಕು. ಒಂದು ಪರೀಕ್ಷೆಗೆ, ಒಂದು ತಕರಾರು ಬಂದರೆ ತೋರಿಸಲು, ಒಂದು ಮೊದಲಿನ ಎರಡೂ ಒಡೆದುಹೋದರೆ. ಇಪ್ಪತ್ತಾರು ವರ್ಷ ಇದನ್ನು ಪಾಲಿಸಿದವನು ಮನೆಗೆ ಬಂದ ಮಾತ್ರಕ್ಕೆ ಬಿಡುವುದಕ್ಕಾಗುತ್ತದೆಯೇ? ನಾನು ಮಾಡಿದ್ದು ಏಳುನೂರು ಗ್ರಾಂ ಸೂಪು. ಅದರಲ್ಲಿ ಇನ್ನೂರು ಅವಳಿಗೆ, ಇನ್ನೂರು ನನಗೆ, ನೂರರಂತೆ ಮೂರು ಬಾಟಲಿಗೆ. ಅವಳ ಪಾಲಿಗಿಂತ ಬಾಟಲಿಗಳ ಪಾಲೇ ದೊಡ್ಡದಾಯಿತಲ್ಲ ಎಂದು ಇಂದು ಯಾರಾದರೂ ಕೇಳಬಹುದು. ಅಂದು ಕೇಳುವವರಿರಲಿಲ್ಲ.

ಇದ್ದಳು, ನಿಜ ಹೇಳಬೇಕೆಂದರೆ.

"ಇನ್ನೂ ಇದೆಯಾ ರೀ?" ಮೊದಲ ದಿನ ಮಧ್ಯಾಹ್ನ ಚಮಚ ನೆಕ್ಕುತ್ತ ಕೇಳಿದಳು.

"ಇದೆ. ಆದರೆ ಅದು ಮಾದರಿ."

"ಮಾದರಿ ಅಂದ್ರೆ?"

"ನಾಳೆ ಯಾರಾದ್ರೂ ತಕರಾರು ತೆಗೆದರೆ ಬೇಕಾಗುತ್ತೆ."

"ಈ ಮನೇಲಿ ನಾನೊಬ್ಬಳೇ ಇರೋದು. ನಾನೇ ತಕರಾರು ತೆಗೀಬೇಕು."

"ಅದಕ್ಕೇ ಮುಂಜಾಗ್ರತೆ."

"ಸಂಜೆಗಾದ್ರೂ ಸ್ವಲ್ಪ ಜಾಸ್ತಿ ಮಾಡ್ತೀರಾ?"

"ದಿನಾ ಅಳತೆ ಬದಲಾದರೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಹೋಲಿಸೋದು ಹೇಗೆ ಕಣೇ?"

ನಾನು ಬಾಟಲಿಗೆ ಚೀಟಿ ಅಂಟಿಸಿದೆ. ಲ್ಯಾಬಿನ ಚೀಟಿಯ ನಮೂನೆಯೇ: "ದಿನ 1, ಮಧ್ಯಾಹ್ನ 1.10. ಕೊಟ್ಟದ್ದು: 200 ಗ್ರಾಂ. ತಿಂದವರು: ಹೆಂಡತಿ. ಪರಿಣಾಮ:" ಪರಿಣಾಮವೆಂದರೆ ನನ್ನ ಮಟ್ಟಿಗೆ ಹೊಗಳಿಕೆ. ಅವಳು ಹಾಗೆ ಒಂದು ಮಾತೂ ಹೊಗಳದೆ ಎದ್ದುಹೋದ ಕಾರಣ ಪ್ರಾಮಾಣಿಕವಾಗಿ ಬರೆದೆ: "ಇನ್ನೂ ಕಂಡಿಲ್ಲ."

ನನಗೆ ಹಸಿವಾಗುತ್ತಿರಲಿಲ್ಲವೇ ಎಂದರೆ, ಲ್ಯಾಬಿನಲ್ಲಿ ನಾಲ್ಕು ಗಂಟೆಗೆ ಚಹಾದ ಜೊತೆ ಬಿಸ್ಕತ್ತು ಕೊಡುತ್ತಾರೆ. ಮನೆಯಲ್ಲಿ ಕುಳಿತವರಿಗೆ ಆ ಸೌಲಭ್ಯ ಇಲ್ಲವೆಂಬುದು ನನ್ನ ಲೆಕ್ಕದಿಂದ ಬಿಟ್ಟುಹೋಗಿತ್ತು.

ಬುಧವಾರ ಸಂಜೆಯ ಹೊತ್ತಿಗೆ ಫ್ರಿಜ್ಜಿನಲ್ಲಿ ಹದಿನೈದು ಬಾಟಲಿಗಳು ಮೂರು ಸಾಲಾಗಿ ನಿಂತಿದ್ದವು. ಬಾಗಿಲು ತೆಗೆದರೆ ದೀಪದ ಬೆಳಕಿನಲ್ಲಿ ಕ್ಯಾರೆಟ್ಟಿನ ಕೆಂಪು, ಬಟಾಣಿಯ ಹಸಿರು, ಹೂಕೋಸಿನ ಬಿಳಿ. ನಾನು ಏನೂ ತೆಗೆದುಕೊಳ್ಳುವುದಿಲ್ಲದಿದ್ದರೂ ಆಗಾಗ ಬಾಗಿಲು ತೆಗೆದು ನೋಡುತ್ತಿದ್ದೆ.

ಆ ಸಂಜೆ ಕೆಳಮನೆಯ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು. ಇಡೀ ಬೀದಿಗೆ ಅವರು ದೊಡ್ಡಮ್ಮ. ಬೀದಿಯ ಸುದ್ದಿಯೆಲ್ಲ ಮೊದಲು ಅವರ ಮನೆಯಲ್ಲಿ ಕಾಲು ತೊಳೆದು ಆಮೇಲೆ ಮುಂದೆ ಹೋಗುತ್ತದೆ. ಕೈಯಲ್ಲಿ ಹಾಲಿನ ಪಾತ್ರೆ ಇತ್ತು.

"ನನ್ನ ಫ್ರಿಜ್ಜು ಗೊರಗೊರ ಅಂದು ನಿಂತೇ ಹೋಯ್ತಪ್ಪ. ರಿಪೇರಿಯವನು ಸೋಮವಾರ ಬರ್ತಾನಂತೆ. ಈ ಹಾಲು ಒಂದು ಮೂಲೇಲಿ ಇಟ್ಕೊ."

"ನೀವೇ ಇಟ್ಟುಬಿಡಿ ದೊಡ್ಡಮ್ಮ. ಈರುಳ್ಳಿ ಹನ್ನೊಂದನೇ ನಿಮಿಷದಲ್ಲಿದೆ, ನಾನು ಕದಲೋ ಹಾಗಿಲ್ಲ."

ಫ್ರಿಜ್ಜಿನ ಬಾಗಿಲು ತೆಗೆದ ಸದ್ದು ಕೇಳಿತು. ಮುಚ್ಚಿದ ಸದ್ದು ಕೇಳಲಿಲ್ಲ. ಹನ್ನೆರಡನೇ ನಿಮಿಷವೂ ಮುಗಿಯಿತು.

"ಇಲ್ಲಿ ಜಾಗ ಇಲ್ವಲ್ಲ," ಎಂದರು. ಆಮೇಲೆ ಅಕ್ಷರ ಕೂಡಿಸಿ ಓದಿದರು. "ತಿಂದವರು, ಹೆಂಡತಿ. ಯಾರ ಹೆಂಡತಿಯಪ್ಪ?"

"ನನ್ನ ಹೆಂಡತಿಯೇ."

"ಪರಿಣಾಮ ಇನ್ನೂ ಕಂಡಿಲ್ಲ ಅಂತ ಬರೆದಿದ್ದೀಯ. ಎಲ್ಲಾದ್ರಲ್ಲೂ."

"ಹೌದು ದೊಡ್ಡಮ್ಮ, ಅದೇ ಬೇಜಾರು. ಆದರೆ ನಾನು ಬಿಡೋನಲ್ಲ. ಭಾನುವಾರದೊಳಗೆ ಪರಿಣಾಮ ಕಾಣಲೇಬೇಕು, ಇಲ್ಲದಿದ್ರೆ ನನ್ನ ಮರ್ಯಾದೆ ಹೋಗುತ್ತೆ."

"ಅವಳಿಗೆ ಗೊತ್ತಾ ಇದು?"

"ಎಲ್ಲಾ ಗೊತ್ತು. ಆದರೂ ಪಾಪ, ತಿಂತಾಳೆ."

ಒಂದು ಬಾಟಲಿ ಸರಿಸಿ ಜಾಗ ಮಾಡಿಕೊಡೋಣವೆಂದು ಉರಿ ತಗ್ಗಿಸಿ ತಿರುಗಿ ನೋಡಿದರೆ ದೊಡ್ಡಮ್ಮನೂ ಇಲ್ಲ, ಹಾಲಿನ ಪಾತ್ರೆಯೂ ಇಲ್ಲ. ಆ ವಯಸ್ಸಿನಲ್ಲಿ ಅವರು ಅಷ್ಟು ಬೇಗ ಮೆಟ್ಟಿಲು ಇಳಿದದ್ದನ್ನು ನಾನು ಮೆಚ್ಚಿಕೊಂಡೆ.

ಮರುದಿನದಿಂದ ನನ್ನ ಅಡುಗೆಯ ಕೀರ್ತಿ ಬೀದಿಯಲ್ಲಿ ಹಬ್ಬತೊಡಗಿತು. ಲ್ಯಾಬಿಗೆ ಹೊರಟರೆ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ತರಕಾರಿಯವಳು ನನಗೆ ಕ್ಯಾರೆಟ್ಟು ಕೊಡುವ ಮುಂಚೆ "ಇದು ಯಾರಿಗೆ?" ಎಂದು ಕೇಳಿದಳು. ಎದುರುಮನೆಯ ಟೈಲರ್ ಹೊಲಿಗೆ ಯಂತ್ರ ಬಿಟ್ಟು ಎದ್ದೇ ಬಂದ.

"ಸಾರ್, ಮೇಡಂ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ."

"ಇನ್ನೂ ಚೆನ್ನಾಗೇ ಇದ್ದಾರಾ?"

"ಯಾಕಯ್ಯ ಹಾಗೆ ಕೇಳ್ತೀಯ?"

"ಸುಮ್ನೆ ಸಾರ್. ಇವತ್ತು ಏನು ಕೊಟ್ರಿ ಅವರಿಗೆ?"

ಇಂಥ ಆಸಕ್ತಿ ಕಂಡರೆ ನನಗೆ ಮನಸ್ಸು ತುಂಬಿಬರುತ್ತದೆ. ಅವನ ಭುಜದ ಮೇಲೆ ಕೈ ಹಾಕಿ ವಿವರಿಸಿದೆ. "ಕ್ಯಾರೆಟ್ ಸೂಪು. ಮೆಣಸಿನ ಪುಡಿ ಇದೆಯಲ್ಲ, ಅದನ್ನ ಒಂದೇ ಸಲ ಹೆಚ್ಚಿಸಬಾರದು. ದಿನಾ ಒಂದೊಂದು ಚಿಟಿಕೆ. ತಿನ್ನೋರಿಗೆ ಗೊತ್ತೇ ಆಗಬಾರದು. ನಾಲಿಗೆ ಒಗ್ಗಿಹೋಗಿರುತ್ತೆ, ಆಮೇಲೆ ಎಷ್ಟು ಹಾಕಿದ್ರೂ ತಿಂತಾರೆ."

ಟೈಲರನ ಕೈಯಲ್ಲಿದ್ದ ಕತ್ತರಿ ಬಾಯಿ ತೆರೆದಂತೆಯೇ ನಿಂತಿತು. ಅವನಿಗೆ ಸೂಪಿನ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಅದನ್ನು ಕೈಯಿಂದ ಮುಟ್ಟದೆ ಕತ್ತರಿಯ ತುದಿಯಲ್ಲಿ ಹಿಡಿದು, ಗುಂಡಿಗಳ ಡಬ್ಬಿಯೊಳಗೆ ಇಟ್ಟು, ಮುಚ್ಚಳ ಹಾಕಿದ. ಒಂದು ಪಾಕವಿಧಾನವನ್ನು ಇಷ್ಟು ಜೋಪಾನ ಮಾಡುವ ಜನ ಈಗೆಲ್ಲಿದ್ದಾರೆ? ಮಧ್ಯಾಹ್ನದೊಳಗೆ ಇನ್ನೂ ಐದು ಮಂದಿಗೆ ಬರೆದುಕೊಟ್ಟೆ. ಸೂಪಿನ ಜೊತೆಗೆ ನಿಂಬೆ-ಶುಂಠಿ ಶರಬತ್ತಿನದನ್ನೂ ಸೇರಿಸಿದೆ: ಶುಂಠಿಯನ್ನು ಜಜ್ಜಿ ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿ ಸೋಸಬೇಕು, ಕುದಿಸಬಾರದು.

ಮನೆಯಲ್ಲೂ ಗಾಳಿ ನನ್ನ ಕಡೆ ತಿರುಗಿತು. ಗುರುವಾರ ರಾತ್ರಿ ಹೆಂಡತಿ ಇನ್ನೂ ಇದೆಯಾ ಎಂದು ಕೇಳಲಿಲ್ಲ. ಶುಕ್ರವಾರ ತಟ್ಟೆಯಲ್ಲಿ ಎರಡು ಚಮಚ ಉಳಿಸಿ, "ಸಾಕು ರೀ, ಹೊಟ್ಟೆ ತುಂಬಿತು," ಎಂದಳು. ಇನ್ನೂರು ಗ್ರಾಂ ಸರಿಯಾದ ಪ್ರಮಾಣವೆಂಬ ನನ್ನ ಊಹೆ ನಿಜವಾಗಿತ್ತು. ಪಾತ್ರೆ ತೊಳೆಯುವಾಗ ನಾನು ಎಂದೂ ಕಾಣದ ಒಂದು ಡಬ್ಬಿ, ಎರಡು ಬಟ್ಟಲು ಸಿಕ್ಕವು. ನಮ್ಮ ಮನೆಯಲ್ಲಿ ನನಗೆ ಗೊತ್ತಿಲ್ಲದ ಪಾತ್ರೆಗಳೂ ಇವೆ ಎಂದುಕೊಂಡು ತೊಳೆದು ಒರೆಸಿ ಒಳಗಿಟ್ಟೆ. ಚೀಟಿಯಲ್ಲಿ ಮೊದಲ ಬಾರಿಗೆ ಬರೆದೆ: "ಪರಿಣಾಮ: ಕಾಣಿಸಿಕೊಳ್ಳುತ್ತಿದೆ."

ಶನಿವಾರ ಬೆಳಿಗ್ಗೆ ಅವಳು ಹೊಟ್ಟೆ ಹಿಡಿದುಕೊಂಡು ಎದ್ದಳು.

ಆ ದಿನದ ವಿವರಕ್ಕೆ ಹೋಗುವುದಿಲ್ಲ. ಮಧ್ಯಾಹ್ನದೊಳಗೆ ಏಳು ಸಲ ಎಂದಷ್ಟೇ ಹೇಳಿ ಬಿಡುತ್ತೇನೆ. ಡಾಕ್ಟರು ಬಂದು ನೋಡಿ, ತಿಂದದ್ದು ಒಗ್ಗಿಲ್ಲ ಅಷ್ಟೆ, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುತ್ತಿರಿ ಎಂದು ಹೋದರು. ಗುಟುಕು ಗುಟುಕಾಗಿ ಕುಡಿಸುತ್ತ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ಎಲ್ಲೂ ತಪ್ಪಿಲ್ಲ. ಅದೇ ಸೂಪನ್ನು ನಾನೂ ತಿಂದಿದ್ದೇನೆ, ಕಲ್ಲಿನ ಹಾಗಿದ್ದೇನೆ.

"ನಾಳೆ ಭಾನುವಾರ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

"ಗೊತ್ತು."

"ಅಮ್ಮಂಗೆ ಹೇಳಬೇಡಿ."

ನಾನು ಹೇಳಲಿಲ್ಲ. ದೊಡ್ಡಮ್ಮ ಹೇಳಿದರು. ಹೇಳಿದ ಮಾತು ಕೂಡ ನನಗೆ ಆಮೇಲೆ ತಿಳಿಯಿತು: "ನಿಮ್ಮ ಅಳಿಯ ನಿಮ್ಮ ಮಗಳಿಗೆ ದಿನಾ ಅಳೆದೂ ಸುರಿದೂ ಏನೋ ತಿನ್ನಿಸಿ, ಏನಾಯ್ತು ಅಂತ ಬರೆದಿಡ್ತಿದ್ದಾನೆ. ಇವತ್ತು ಆಯ್ತು."

ಭಾನುವಾರ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆಹಾರ ಇನ್ಸ್‌ಪೆಕ್ಟರು. ಅವರು ರಜೆಯ ದಿನ ಟೈಲರನ ಹತ್ತಿರ ಹೊಲಿಸಲು ಕೊಟ್ಟ ಪ್ಯಾಂಟು ತೆಗೆದುಕೊಂಡು ಹೋಗಲು ಬಂದವರು. ಅವರನ್ನು ಟೈಲರ್ ಹಾಗೆಯೇ ರಸ್ತೆ ದಾಟಿಸಿದ್ದ. ಹೊಸ ಪ್ಯಾಂಟು ಅವರ ತೋಳಿನ ಮೇಲೆ ನೇತಾಡುತ್ತಿತ್ತು. ಹಿಂದೆ ಟೈಲರ್, ಅವನ ಹಿಂದೆ ದೊಡ್ಡಮ್ಮ, ಮೆಟ್ಟಿಲುಗಳ ಮೇಲೆ ಬೀದಿಯ ಉಳಿದವರು.

"ಒಂದು ದೂರು ಬಂದಿದೆ," ಎಂದರು ಇನ್ಸ್‌ಪೆಕ್ಟರು. "ನೀವು ಮನೇಲಿ ಮಾಡಿದ ಆಹಾರವನ್ನ ಸ್ವಲ್ಪ ನೋಡಬೇಕಿತ್ತು. ಏನಾದ್ರೂ ಉಳಿದಿದೆಯಾ?"

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಇನ್ಸ್‌ಪೆಕ್ಟರು ಕೇಳಿದ ತಕ್ಷಣ ಮಾದರಿ ಕೊಟ್ಟ ಹೋಟೆಲಿನವನನ್ನು ನಾನು ಕಂಡಿಲ್ಲ. ಎಲ್ಲರೂ ಮುಗಿದುಹೋಯಿತು ಎನ್ನುತ್ತಾರೆ. ನಾನು ಫ್ರಿಜ್ಜಿನ ಬಾಗಿಲನ್ನು ಅಗಲವಾಗಿ ತೆರೆದು ಪಕ್ಕಕ್ಕೆ ನಿಂತೆ.

ಒಳಗೆ ಮೂವತ್ತು ಬಾಟಲಿಗಳಿದ್ದವು. ಇನ್ಸ್‌ಪೆಕ್ಟರು ಪ್ಯಾಂಟನ್ನು ಕುರ್ಚಿಯ ಮೇಲೆ ಹಾಕಿದರು.

"ಎಲ್ಲಾ ನೀವೇ ಇಟ್ಟಿರೋದಾ?"

"ಊಟಕ್ಕೆ ಮೂರು. ಮುಚ್ಚಳಕ್ಕೆ ಮೇಣ ಹಾಕಿದ್ದೇನೆ. ರಿಜಿಸ್ಟರು ಇಲ್ಲಿದೆ. ಉಷ್ಣತೆ ದಿನಕ್ಕೆ ಎರಡು ಸಲ ಬರೆದಿದ್ದೇನೆ. ಯಾವ ದಿನದ್ದು ಬೇಕು?"

ಅವರು ಶುಕ್ರವಾರದ ಬಾಟಲಿ ಹಿಡಿದು ಬೆಳಕಿಗೆ ಎತ್ತಿದರು. "ಇದನ್ನ ಲ್ಯಾಬಿಗೆ ಕಳಿಸಬೇಕಾಗುತ್ತೆ."

"ದಯವಿಟ್ಟು ಕಳಿಸಿ."

"ಪರೀಕ್ಷೆ ಮಾಡಿ ರಿಪೋರ್ಟು ಕೊಡೋಕೆ ಎರಡು ದಿನ ಆಗುತ್ತೆ."

"ಒಂದೇ ದಿನದಲ್ಲಿ ಕೊಡ್ತೀನಿ."

"ನೀವು ಕೊಡ್ತೀರಾ?"

"ಅಲ್ಲಿ ಪರೀಕ್ಷೆ ಮಾಡೋನು ನಾನೇ."

ಇನ್ಸ್‌ಪೆಕ್ಟರು ರಿಜಿಸ್ಟರಿನ ಕೊನೆಯ ಪುಟ ತಿರುಗಿಸಿ ನನ್ನ ಸಹಿ ನೋಡಿದರು. "ಸೊಳ್ಳೆ ಸತ್ತುಬಿದ್ದ ಹಾಗಿರೋ ಈ ಸಹಿ ನಿಮ್ಮದಾ? ಹತ್ತು ವರ್ಷದಿಂದ ನೋಡ್ತಿದ್ದೀನಲ್ಲ ಸ್ವಾಮಿ ಇದನ್ನ." ಅವರು ಕುಳಿತೇಬಿಟ್ಟರು. ಆರೋಪಿಯೂ ಪರೀಕ್ಷಕನೂ ಒಬ್ಬನೇ ಆದರೆ ಯಾವ ಫಾರಂ ತುಂಬಬೇಕೆಂಬುದು ಅವರ ತರಬೇತಿಯಲ್ಲಿ ಬಂದಿರಲಿಲ್ಲ.

ಆಗ ಮೆಟ್ಟಿಲ ಮೇಲಿದ್ದವರು ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಅತ್ತೆ ಒಳಗೆ ಬಂದರು. ಕೆಳಗೆ ಕಾರು ನಿಂತ ಸದ್ದು ನನಗೆ ಕೇಳಿರಲಿಲ್ಲ.

"ಏಳೇ, ಬಟ್ಟೆ ತುಂಬ್ಕೋ. ಹೊರಡೋಣ."

ಹೆಂಡತಿ ಕೋಣೆಯ ಬಾಗಿಲಲ್ಲಿ ಪ್ಲಾಸ್ಟರ್ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಿದಳು. ಉಳಿದ ಐದು ವಾರ ಗೋಡೆ ಗಡಿಯಾರದ ಸದ್ದು ಕೇಳುವುದೋ ಬೇಡವೋ ಎಂಬುದು ಈಗಲೇ ತೀರ್ಮಾನವಾಗಬೇಕಿತ್ತು.

"ಒಂದು ನಿಮಿಷ ಅತ್ತೆ," ಎಂದೆ. "ಶುಕ್ರವಾರ ಒಂದೇ ಪಾತ್ರೆಯಿಂದ ಇಬ್ಬರೂ ತಿಂದಿದ್ದೀವಿ. ನನಗೆ ಏನೂ ಆಗಿಲ್ಲ, ಅವಳಿಗೆ ಆಗಿದೆ. ಅಂದ ಮೇಲೆ ನಾನು ತಿನ್ನದೆ ಇರೋದು ಏನೋ ಅವಳು ತಿಂದಿರಬೇಕು. ಇದು ನನ್ನ ಮಾತಲ್ಲ, ತರ್ಕದ ಮಾತು. ಶುಕ್ರವಾರ ಬೇರೆ ಏನಾದ್ರೂ ತಿಂದೆಯೇನೇ?"

ಅವಳು ನೆಲ ನೋಡಿದಳು. "ಟೈಲರ್ ಮನೆಯಿಂದ ಎರಡು ಮೊಟ್ಟೆ ಬಂದಿತ್ತು."

ಎಲ್ಲರೂ ಟೈಲರನನ್ನು ನೋಡಿದರು. "ಬೇಯಿಸಿದ್ದು ಸಾರ್," ಎಂದ. "ನಮ್ಮ ಮನೇಲಿ ಎಲ್ಲರೂ ತಿಂದ್ವಿ."

"ಆಮೇಲೆ?"

"ತರಕಾರಿಯವಳು ಬಾಳೆಹಣ್ಣು ಕೊಟ್ಟಿದ್ಲು."

"ಆಮೇಲೆ?"

"ದೊಡ್ಡಮ್ಮ ಕಸ್ಟರ್ಡ್ ತಂದಿದ್ರು. ಬುಧವಾರ ಮಾಡಿದ್ದು. ಶುಕ್ರವಾರ ತಂದಿದ್ರು."

ಇನ್ಸ್‌ಪೆಕ್ಟರು ಮೆಲ್ಲಗೆ ದೊಡ್ಡಮ್ಮನ ಕಡೆ ತಿರುಗಿದರು.

"ನನ್ನ ಫ್ರಿಜ್ಜು ಕೆಟ್ಟಿತ್ತು," ಎಂದರು ದೊಡ್ಡಮ್ಮ. "ಹಾಲು ಇಡೋಕೆ ಇಲ್ಲಿಗೇ ಬಂದಿದ್ದೆ. ಇವನ ಬಾಟಲಿಗಳ ಮಧ್ಯೆ ಒಂದು ಬೆರಳು ಜಾಗ ಇರ್ಲಿಲ್ಲ. ಇಡೀ ಹಾಲು ಕೆಡುತ್ತಲ್ಲ ಅಂತ ಕಸ್ಟರ್ಡ್ ಮಾಡಿದೆ. ಈ ಹುಡುಗಿ ವಿಷ ತಿಂದು ಸಾಯೋ ಬದಲು ನನ್ನ ಕಸ್ಟರ್ಡ್ ತಿನ್ಲಿ ಅಂತ ಕೊಟ್ಟೆ."

"ವಿಷ?" ಎಂದೆ.

ಬಾಟಲಿಯ ಚೀಟಿಯನ್ನು ಇನ್ಸ್‌ಪೆಕ್ಟರು ಎಲ್ಲರಿಗೂ ಕೇಳುವಂತೆ ಓದಿದರು. ಪರರ ಬಾಯಲ್ಲಿ ಕೇಳಿದಾಗ ಅದು ಸ್ವಲ್ಪ ಬೇರೆಯಾಗಿ ಕೇಳಿಸಿತೆಂದು ಒಪ್ಪಿಕೊಳ್ಳಬೇಕು. ಟೈಲರ್ ಗುಂಡಿಗಳ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದ.

"ಅಲ್ಲ ಸ್ವಾಮಿ, ಪರಿಣಾಮ ಅಂದ್ರೆ ಅವಳು ಹೊಗಳಬೇಕಿತ್ತು," ಎಂದೆ. "ಅದು ಕಾಣ್ತಿರ್ಲಿಲ್ಲ."

ಹೆಂಡತಿ ಮೊದಲು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತದೆಂದು ಗೋಡೆ ಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ವಾರ್ಡನ್‌ಗಳು ತನಿಖೆಯ ಮಧ್ಯೆ ನಗುವುದಿಲ್ಲ.

"ಅದೆಲ್ಲ ಇರಲಿ. ಇವರು ಮಾಡಿದ್ದು ಬಿಟ್ಟು ಬೀದಿಯವರು ಕೊಟ್ಟಿದ್ದನ್ನೆಲ್ಲ ಯಾಕೆ ತಿಂದೆ? ಬಾಯಿಗೆ ಇಡೋ ಹಾಗಿರ್ಲಿಲ್ವಾ?"

"ಚೆನ್ನಾಗಿತ್ತಮ್ಮ."

"ಸುಳ್ಳು ಹೇಳಬೇಡ."

"ನಿಜವಾಗ್ಲೂ. ಇಷ್ಟು ಒಳ್ಳೆ ಸೂಪು ನಾನು ಮಾಡಿಲ್ಲ. ಆದ್ರೆ ಇಷ್ಟೇ ಇಷ್ಟು ಕೊಡ್ತಿದ್ರು." ಎಡಗೈಯನ್ನು ಗುಬ್ಬಿಗೆ ನೀರು ಕುಡಿಸುವ ಹಾಗೆ ಗುಳಿ ಮಾಡಿ ತೋರಿಸಿದಳು. "ಇನ್ನೂ ಬೇಕು ಅಂದ್ರೆ ಅದು ಮಾದರಿ ಅಂತಿದ್ರು. ನನಗಿಂತ ಫ್ರಿಜ್ಜು ಜಾಸ್ತಿ ತಿಂದಿದೆ."

ಇಪ್ಪತ್ತೊಂದು ವರ್ಷದಲ್ಲಿ ಅವಳು ಬಂಧುಗಳು, ನೆರೆಯವರು, ಮತ್ತು ಒಬ್ಬ ಸರ್ಕಾರಿ ಅಧಿಕಾರಿಯ ಸಮಕ್ಷಮದಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು. ಮಾತಿನ ದ್ವಿತೀಯಾರ್ಧವನ್ನು ನಾನು ಆ ಗಳಿಗೆಯಲ್ಲಿ ಅಷ್ಟಾಗಿ ಗಮನಿಸಲಿಲ್ಲ.

ಅತ್ತೆ ಕೈಚೀಲ ಕೆಳಗಿಟ್ಟರು. "ಹಾಸ್ಟೆಲಿನಲ್ಲಿ ಮೂವತ್ತು ವರ್ಷ ನೂರಿಪ್ಪತ್ತು ಹುಡುಗಿಯರ ಅಡುಗೆಯನ್ನ ಮೊದಲು ನಾನು ತಿಂದು ನೋಡಿ ಆಮೇಲೆ ಬಡಿಸಿದ್ದೀನಿ. ಮಾಡಿ, ನೋಡ್ತೀನಿ. ಚಮಚದಲ್ಲಿ ಅಲ್ಲ. ತಟ್ಟೆಯಲ್ಲಿ."

"ಎಷ್ಟು ಜನಕ್ಕೆ?"

ಅವರು ಕೋಣೆಯತ್ತ ಒಮ್ಮೆ ಕಣ್ಣಾಡಿಸಿದರು. "ಇರೋರಿಗೆಲ್ಲ."

ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಇಳಿಸಿದೆ. ತಕ್ಕಡಿಯ ಮೇಲೆ ಅರ್ಧ ಕೆಜಿಗಿಂತ ಹೆಚ್ಚು ನಿಲ್ಲುವುದಿಲ್ಲ. ಅಳತೆಯಿಲ್ಲದೆ ಮಾಡಬೇಕಾಗಿ ಬಂತು. ದೊಡ್ಡಮ್ಮ ಕ್ಯಾರೆಟ್ಟು ಹೆಚ್ಚಿದರು, ಒಂದೊಂದು ತುಂಡೂ ಒಂದೊಂದು ಗಾತ್ರ, ನಾನು ಬೇರೆ ಕಡೆ ನೋಡಿದೆ. ಟೈಲರ್ ಈರುಳ್ಳಿ ಹೆಚ್ಚುತ್ತ ಅತ್ತ. ಹದಿನೈದನೇ ನಿಮಿಷದಲ್ಲಿ ಅತ್ತೆ, "ಸಾಕು, ಇಳಿಸಿ," ಎಂದರು. "ಹದಿನೆಂಟು," ಎಂದೆ. ಅತ್ತೆಗೆ ಎದುರಾಡಿದ್ದು ಕೂಡ ಅದೇ ಮೊದಲು. ಹದಿನೆಂಟಕ್ಕೇ ನೀರು ಹಾಕಿದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆಯೇ ಹಿಂಡಿದೆ.

ಇನ್ಸ್‌ಪೆಕ್ಟರು ಮೂರು ಸಲ ಹಾಕಿಸಿಕೊಂಡರು. ಇದು ಅಧಿಕೃತ ಅಭಿಪ್ರಾಯವಲ್ಲ ಎಂದು ಪ್ರತಿ ಸಲವೂ ಹೇಳಿದರು. ದೊಡ್ಡಮ್ಮ ಗಂಡನಿಗೆಂದು ಒಂದು ಡಬ್ಬಿ ಕೇಳಿದರು. ಹೆಂಡತಿ ಹೊಟ್ಟೆ ಇನ್ನೂ ಸೂಕ್ಷ್ಮವಾಗಿದ್ದರೂ ತಿಳಿಯಾದದ್ದನ್ನು ಎರಡು ಬಟ್ಟಲು ಕುಡಿದಳು. ಅತ್ತೆ ಮೊದಲ ತಟ್ಟೆ ಮುಗಿಸಿ ತಟ್ಟೆಯನ್ನು ಮುಂದಕ್ಕೆ ತಳ್ಳಿದರು, ಬಡಿಸಿದೆ. ಎರಡನೆಯದನ್ನೂ ಮುಗಿಸಿ ಮತ್ತೆ ತಳ್ಳಿದರು. ಪಾತ್ರೆಯ ತಳ ಸೌಟಿಗೆ ಸಿಗತೊಡಗಿತು.

ಕೆಳಗಿನಿಂದ ಡ್ರೈವರ್ ಎರಡು ಸಲ ಹಾರ್ನ್ ಮಾಡಿದ. ಎಲ್ಲರೂ ಅತ್ತೆಯ ಮುಖ ನೋಡಿದರು. ಹೆಂಡತಿ ಬಟ್ಟಲು ಕೆಳಗಿಟ್ಟಳು.

ಅತ್ತೆ ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಕೈ ತೊಳೆದು, ಒರೆಸಿಕೊಂಡು, ಮಗಳ ಪ್ಲಾಸ್ಟರನ್ನು ಎರಡು ಬೆರಳಲ್ಲಿ ತಟ್ಟಿ ನೋಡಿದರು.

"ಎಷ್ಟು ವಾರ ಅಂದ್ರು ಡಾಕ್ಟರು?"

"ಆರು, ಅಮ್ಮ."

"ಇಲ್ಲೇ ಎಂಟು ವಾರ ಇರಲಿ ಬಿಡು," ಎಂದರು ಅತ್ತೆ. "ಮೂಳೆ ವಿಷಯ. ಅವಸರ ಮಾಡಬಾರದು."